ಜರಿ ಉಟ್ಟ ಲಕ್ಷ್ಮಿ

ಡಿಸೆಂಬರ್ ಮುಗಿಯುತ್ತ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ನಡೆದೇ ತೀರುತ್ತದೆ. ದಿನಸಿ ಅಂಗಡಿಯವರು, ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು ಸುರುಳಿ ಸುತ್ತಿ ಕೊಟ್ಟ ಕ್ಯಾಲೆಂಡರುಗಳನ್ನೆಲ್ಲ ನಾನು ಕಡೂರಿನಿಂದ ಬಸ್ಸಿನಲ್ಲಿ ಜೋಪಾನವಾಗಿ ಹಿಡಿದುಕೊಂಡು ತರೀಕೆರೆಯ ಮನೆಗೆ ತರುತ್ತೇನೆ. "ಮನೆಯಲ್ಲಿ ಇರೋರು ಇಬ್ಬರು, ತಿಥಿ ನೋಡೋಕೆ ಏಳು ಕ್ಯಾಲೆಂಡರ್ ಯಾಕೆ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ತಿಥಿ ನೋಡಲು ಒಂದು ಸಾಕು, ನಿಜ. ಆದರೆ ಉಳಿದ ಆರನ್ನು ನಾನು ಬಿಸಾಡುವುದಿಲ್ಲ. ವರ್ಷ ಮುಗಿದ ಮೇಲೂ ಚಿತ್ರದ ಭಾಗ ಕತ್ತರಿಸಿ ಹಳೆಯ ಟ್ರಂಕಿನಲ್ಲಿ ಇಡುತ್ತೇನೆ. ಇದು ಹುಚ್ಚು ಎಂದು ಅವರಿಗೆ ಅನ್ನಿಸಿದರೆ ತಪ್ಪೇನೂ ಇಲ್ಲ. ಈ ಹುಚ್ಚಿಗೆ ಕಾರಣ ಏನೆಂದು ನಾನು ಅವರಿಗೆ ಪೂರ್ತಿಯಾಗಿ ಹೇಳಿಯೂ ಇಲ್ಲ.

ಹೋದ ವರ್ಷ ಮಗಳು ಬೆಂಗಳೂರಿನಿಂದ ಬಂದಾಗ ನನ್ನ ಟ್ರಂಕು ತೆಗೆದು ನೋಡಿ, "ಅಮ್ಮಾ, ಇದೆಲ್ಲ ಪಾಪ್ ಆರ್ಟ್ ಕಣಮ್ಮ!" ಎಂದಳು.

"ಪಾಪದ ಕಲೆಯೇನೇ? ಲಕ್ಷ್ಮಿ, ಸರಸ್ವತಿಯರ ಚಿತ್ರ ಇಟ್ಟುಕೊಂಡರೆ ಪಾಪ ಯಾಕೆ ಬರುತ್ತೆ?" ಎಂದೆ.

ಅವಳು ನಕ್ಕು, ಫೋನಿನಲ್ಲಿ ಚಿತ್ರ ತೋರಿಸಿದಳು. ಅಮೆರಿಕದ ಆಂಡಿ ವಾರ್ಹಾಲ್ ಎಂಬ ಚಿತ್ರಕಾರ 1962ರಲ್ಲಿ ಅಂಗಡಿಯಲ್ಲಿ ಮಾರುವ ಸೂಪಿನ ಡಬ್ಬಿಗಳನ್ನು ಒಂದರ ಪಕ್ಕ ಒಂದರಂತೆ 32 ಕ್ಯಾನ್ವಾಸುಗಳ ಮೇಲೆ ಬರೆದನಂತೆ. ನೋಡಿದರೆ ನಮ್ಮ ದಿನಸಿ ಅಂಗಡಿಯ ಕಪಾಟು ಇದ್ದ ಹಾಗೇ ಇದೆ! ದಿನವೂ ಜನ ನೋಡುವ, ಕೊಳ್ಳುವ, ಬಿಸಾಡುವ ವಸ್ತುವಿನ ಚಿತ್ರವೂ ಚಿತ್ರವೇ ಎಂದು ಅವರೆಲ್ಲ ಹಟ ಹಿಡಿದು ಹೇಳಿದರಂತೆ. ನಮ್ಮ ದೇಶದಲ್ಲೂ ಭೂಪೇನ್ ಖಖ್ಖರ್ ಎಂಬ ಕಲಾವಿದರಿದ್ದರು. ಚಾರ್ಟರ್ಡ್ ಅಕೌಂಟೆಂಟ್ ಓದಿ, ಬರೋಡಕ್ಕೆ ಹೋಗಿ, ಲೆಕ್ಕಪತ್ರದ ಕೆಲಸ ಮಾಡುತ್ತಲೇ ಚಿತ್ರ ಬರೆದವರು. 1960ರ ದಶಕದಲ್ಲಿ ಅವರು ಬೀದಿಯಲ್ಲಿ ಮಾರುವ ದೇವರ ಪಟಗಳನ್ನು ಕತ್ತರಿಸಿ ಅಂಟಿಸಿ ಕಲಾಕೃತಿ ಮಾಡಿದರು. 2003ರಲ್ಲಿ ತೀರಿಕೊಂಡರು. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು.

ದೇವರ ಪಟ ಕತ್ತರಿಸಿ ಅಂಟಿಸಿದ್ದು ಎಂದು ಮಗಳು ಹೇಳಿದಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಆ ಕೆಲಸವನ್ನು ಅವರಿಗಿಂತ ಇಪ್ಪತ್ತೈದು ವರ್ಷ ಮೊದಲೇ ಮಾಡಿದ ಒಬ್ಬಾಕೆಯನ್ನು ನಾನು ಬಲ್ಲೆ. ಆಕೆ ನನ್ನ ತಾಯಿಯ ತಾಯಿ.

ಅಜ್ಜಿಯ ಮನೆ ಅಜ್ಜಂಪುರದಲ್ಲಿತ್ತು. ಈಗ ಅಜ್ಜಂಪುರವೂ ತಾಲ್ಲೂಕು ಕೇಂದ್ರ. ನನ್ನ ಬಾಲ್ಯದಲ್ಲಿ ಅದು ತರೀಕೆರೆ ತಾಲ್ಲೂಕಿಗೆ ಸೇರಿದ ಊರು, ಅಮೃತಮಹಲ್ ದನಗಳಿಗೆ ಹೆಸರಾದದ್ದು. ಕಡೂರಿನಿಂದ ಬೀರೂರಿಗೆ ಹೋಗಿ, ಅಲ್ಲಿ ರೈಲು ಹತ್ತಿದರೆ ಅಜ್ಜಿಯ ಊರು. ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿನ ಮೇಲೆ, ತೇಗದ ಕಟ್ಟು ಹಾಕಿದ ಲಕ್ಷ್ಮಿಯ ಪಟವೊಂದಿತ್ತು. ಕಮಲದ ಮೇಲೆ ನಿಂತ ಲಕ್ಷ್ಮಿ, ನಾಲ್ಕು ಕೈ, ಪಕ್ಕದಲ್ಲಿ ಹಾರ ಹಿಡಿದ ಆನೆ. ನೀವೂ ನೋಡಿರುತ್ತೀರಿ, ನೋಡದ ಮನೆ ನಮ್ಮ ಕಡೆ ಇಲ್ಲ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ರವಿವರ್ಮ ಪ್ರೆಸ್ ಎಂದಿತ್ತು. ಅಜ್ಜಿಯ ಮಾವ ಮೈಸೂರು ದಸರಾ ನೋಡಲು ಹೋದಾಗ ತಂದದ್ದಂತೆ.

ನಮ್ಮ ಮನೆಯ ಪಟಕ್ಕೂ ಉಳಿದ ಮನೆಗಳ ಪಟಕ್ಕೂ ಒಂದು ವ್ಯತ್ಯಾಸವಿತ್ತು. ನಮ್ಮ ಲಕ್ಷ್ಮಿ ನಿಜವಾದ ಜರಿ ಉಟ್ಟಿದ್ದಳು. ಕಾಗದದ ಸೀರೆಯ ಅಂಚಿನ ಮೇಲೆ ನಿಜವಾದ ಜರಿಯಂಚನ್ನು ನೆರಿಗೆ ಹಿಡಿದು ಸೂಜಿಯಿಂದ ಹೊಲಿದಿತ್ತು. ಕೊರಳಿಗೆ ಸಣ್ಣ ಮುತ್ತಿನಂಥ ಮಣಿ, ಕಿರೀಟಕ್ಕೆ ಬೇಗಡೆ, ಕಮಲದ ಎಸಳಿಗೆ ಚಮಕಿ. ಸಂಜೆ ದೀಪ ಹಚ್ಚಿದಾಗ ಅದೆಲ್ಲ ಒಟ್ಟಿಗೆ ಮಿನುಗುತ್ತಿತ್ತು. ಕರೆಂಟು ಹೋದ ರಾತ್ರಿಗಳಲ್ಲಿ, ಸೀಮೆಎಣ್ಣೆ ಬುಡ್ಡಿ ಅಲುಗಿದಾಗ, ಲಕ್ಷ್ಮಿಯ ಸೀರೆ ಅಲುಗಿತು ಎಂದು ನಾವು ಮಕ್ಕಳು ಪಿಸುಗುಡುತ್ತಿದ್ದೆವು.

ಈ ಪಟದ ಹಿಂದಿನ ಕತೆಯನ್ನು ನಾನು ಶಾಲೆಯಲ್ಲಿ ಓದಿದವಳಲ್ಲ, ಬಹಳ ತಡವಾಗಿ ಹುಡುಕಿ ತಿಳಿದುಕೊಂಡೆ. ರಾಜಾ ರವಿವರ್ಮ ಹುಟ್ಟಿದ್ದು 1848ರಲ್ಲಿ, ಕೇರಳದ ಕಿಳಿಮಾನೂರಿನಲ್ಲಿ. ಎಣ್ಣೆಬಣ್ಣದಲ್ಲಿ ಬರೆಯುವ ಯೂರೋಪಿನ ರೀತಿಯನ್ನು ಕಲಿತು ನಮ್ಮ ಪುರಾಣದ ಹೆಂಗಸರನ್ನು ಬರೆದವರು. ದಮಯಂತಿ, ಶಕುಂತಲೆ, ದ್ರೌಪದಿ ಅವರ ಕುಂಚದಲ್ಲಿ ಅರಮನೆಯ ಗೋಡೆಗಳ ಮೇಲೆ ನಿಂತರು. ಆದರೆ ಅರಮನೆಯ ಗೋಡೆಯನ್ನು ನೋಡುವವರು ಎಷ್ಟು ಜನ? ತಿರುವಾಂಕೂರಿನಲ್ಲೂ ಬರೋಡದಲ್ಲೂ ದಿವಾನರಾಗಿದ್ದ ಟಿ. ಮಾಧವರಾಯರು 1884ರಲ್ಲಿ ರವಿವರ್ಮರಿಗೆ ಒಂದು ಪತ್ರ ಬರೆದು, ನಿಮ್ಮ ಚಿತ್ರ ಬೇಕೆನ್ನುವವರು ಬಹಳ, ನಿಮ್ಮ ಎರಡು ಕೈಗೆ ಅದು ಸಾಲದು, ಕೆಲವನ್ನು ಯೂರೋಪಿಗೆ ಕಳಿಸಿ ಅಚ್ಚು ಹಾಕಿಸಿ ಎಂಬರ್ಥದ ಸಲಹೆ ಕೊಟ್ಟರು. ಹತ್ತು ವರ್ಷದ ನಂತರ, 1894ರಲ್ಲಿ, ರವಿವರ್ಮರು ಮುಂಬಯಿಯಲ್ಲಿ ತಮ್ಮದೇ ಅಚ್ಚುಕೂಟ ತೆರೆದರು. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು.

ಅಚ್ಚು ಹಾಕುವ ವಿಧಾನವನ್ನು ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ. ಎಣ್ಣೆ ಹಿಡಿದ ಒಗ್ಗರಣೆ ಸೌಟಿನ ಮೇಲೆ ನೀರು ಹಾಕಿ ನೋಡಿ, ಎಣ್ಣೆ ಇದ್ದ ಕಡೆ ನೀರು ನಿಲ್ಲುವುದಿಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಜಿಡ್ಡಿನ ಬಣ್ಣ ಉರುಳಿಸಿದರೆ ಬರೆದ ಜಾಗಕ್ಕೆ ಮಾತ್ರ ಬಣ್ಣ ಹತ್ತುತ್ತದೆ. ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಕೆಂಪಿಗೆ ಒಂದು ಕಲ್ಲು, ಹಳದಿಗೆ ಒಂದು, ನೀಲಿಗೆ ಒಂದು, ಮೈಬಣ್ಣದ ನೆರಳಿಗೆ ಮತ್ತೆ ಬೇರೆ. ಒಂದು ಚಿತ್ರಕ್ಕೆ ಹತ್ತಾರು ಕಲ್ಲು. ಒಂದು ಬಣ್ಣ ಕೂದಲೆಳೆಯಷ್ಟು ಅತ್ತಿತ್ತ ಆದರೂ ಲಕ್ಷ್ಮಿಯ ಕುಂಕುಮ ಹುಬ್ಬಿಗೆ ಇಳಿದುಬಿಡುತ್ತದೆ. ಕೊನೆಯಲ್ಲಿ ವಾರ್ನಿಷ್ ಬಳಿದು ಎಣ್ಣೆಬಣ್ಣದ ಹೊಳಪು ತರುತ್ತಿದ್ದರು. ಅದಕ್ಕೇ ಓಲಿಯೋಗ್ರಾಫ್ ಎಂಬ ಹೆಸರು.

ವ್ಯಾಪಾರದಲ್ಲಿ ರವಿವರ್ಮರಿಗೆ ಲಾಭವಾಗಲಿಲ್ಲ. ಪ್ಲೇಗಿನ ವರ್ಷಗಳು ಬೇರೆ. ಅಚ್ಚುಕೂಟ ಮುಂಬಯಿ ಬಿಟ್ಟು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಶತಮಾನ ತಿರುಗುತ್ತಿದ್ದ ಹಾಗೆ ಅದು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರ ಕೈಸೇರಿತು. ಮುಂದೆ ಸಿನಿಮಾ ತೆಗೆದ ದಾದಾಸಾಹೇಬ್ ಫಾಲ್ಕೆಯವರು ಕೆಲಕಾಲ ಆ ಅಚ್ಚುಕೂಟದ ಕೆಲಸ ಮಾಡಿದವರೇ. ರವಿವರ್ಮರು 1906ರಲ್ಲಿ ತೀರಿಕೊಂಡರು. ಅವರ ಲಕ್ಷ್ಮಿ ಮಾತ್ರ ದೇಶ ಸುತ್ತುತ್ತಲೇ ಇದ್ದಳು. ದೇವಸ್ಥಾನದ ಹೊಸ್ತಿಲು ದಾಟಲು ಬಿಡದಿದ್ದ ಜನರ ಮನೆಗೂ ಕೆಲವು ಕಾಸಿಗೆ ದೇವರು ತಾನಾಗಿ ನಡೆದು ಬಂದ. ನನ್ನ ಮಟ್ಟಿಗೆ ರವಿವರ್ಮರ ದೊಡ್ಡ ಕೆಲಸ ಇದು, ಅರಮನೆಯದಲ್ಲ.

ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಆನಂದ ಕುಮಾರಸ್ವಾಮಿಯವರು ರವಿವರ್ಮರ ದೇವರುಗಳಲ್ಲಿ ನಾಟಕೀಯತೆಯನ್ನೂ ಕಲ್ಪನೆಯ ಬಡತನವನ್ನೂ ಕಂಡರು. ಸೋದರಿ ನಿವೇದಿತಾ ಕೂಡ ಒಪ್ಪಲಿಲ್ಲ. ಕಲ್ಕತ್ತೆಯ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ನಮ್ಮ ಕೆ. ವೆಂಕಟಪ್ಪನವರದು ಪೂರಾ ಬೇರೆ ದಾರಿ. ಸೂಕ್ಷ್ಮವಾದ ಜಲವರ್ಣ, ಒಂಟಿ ಬದುಕು. ಆ ವಾದವಿವಾದ ಎಲ್ಲಿಂದಲೋ ಹರಿದು ಹರಿದು 1980ರ ದಶಕದ ಕೊನೆಗೆ ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದ ನನ್ನ ಕಿವಿಗೂ ಬಿತ್ತು. "ಕ್ಯಾಲೆಂಡರ್ ಚಿತ್ರ ಕಲೆಯಲ್ಲ" ಎಂದು ಯಾರೋ ದೊಡ್ಡವರು ಭಾಷಣದಲ್ಲಿ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ. ಅಡಿಗೆರೆ ಎಳೆಯುವ ಚಟ ನನಗೆ ಆಗಿನಿಂದಲೂ ಇದೆ.

1993ರಲ್ಲಿ ನನ್ನ ಮದುವೆ ಗೊತ್ತಾಯಿತು. ಬಿ.ಎಡ್. ಮುಗಿಸಿದ್ದೆ, ಕೈಯಲ್ಲಿ ಕೆಲಸವಿತ್ತು, ತಲೆಯಲ್ಲಿ ಜಂಬವಿತ್ತು. ಮದುವೆ ಅಜ್ಜಿಯ ಮನೆಯಲ್ಲೇ ಆಗಬೇಕೆಂದು ನಿಶ್ಚಯವಾಗಿ, ಸುಣ್ಣ ಬಳಿಸಲು ಗೋಡೆಯ ಪಟಗಳನ್ನೆಲ್ಲ ಇಳಿಸಿದೆವು. ಲಕ್ಷ್ಮಿಯನ್ನು ಬಿಸಿಲಿನಲ್ಲಿ ನೋಡಿದ್ದು ನಾನು ಅದೇ ಮೊದಲು. ಜರಿ ಕಪ್ಪಾಗಿತ್ತು. ಗೋಂದು ಹಳದಿಯಾಗಿ ಮುಖದ ಮೇಲೆ ಇಳಿದಿತ್ತು. ಒಂದು ಮೂಲೆಗೆ ಮಳೆನೀರು ಹಿಡಿದು ಆನೆಯ ಕಾಲು ಅಳಿಸಿತ್ತು. ಗಂಡಿನ ಕಡೆಯವರು ಪಟ್ಟಣದವರು, ಇದನ್ನು ನೋಡಿ ಏನಂದಾರು ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಪಟಗಳಿಗೆ ಕಟ್ಟು ಹಾಕುವವನೊಬ್ಬ ಸೈಕಲ್ಲಿನಲ್ಲಿ ಬಂದ. ಹಳೆಯ ತೇಗದ ಕಟ್ಟು, ದಪ್ಪ ಗಾಜು ನೋಡಿ ಅವನ ಕಣ್ಣರಳಿತು. ಅರವತ್ತು ರೂಪಾಯಿಯೂ ಒಂದು ಹೊಸ ತಿರುಪತಿ ತಿಮ್ಮಪ್ಪನ ಪಟವೂ ಕೊಟ್ಟು ಲಕ್ಷ್ಮಿಯನ್ನು ಹಾಗೇ ಎತ್ತಿಕೊಂಡು ಹೋದ. ಅಮ್ಮ ಹಿತ್ತಲಲ್ಲಿದ್ದಳು. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. ನಾನು ಯಾರನ್ನೂ ಕೇಳಲಿಲ್ಲ.

ಅಜ್ಜಿ ಬಂದವಳು ಕಾಲು ತೊಳೆದು ಒಳಗೆ ಬಂದು, ಬಾಗಿಲಿನ ಮೇಲೆ ನೋಡಿದಳು. ಮೊಳೆ ಇತ್ತು. ಗೋಡೆಯ ಮೇಲೆ ಪಟ ಇದ್ದಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಅವಳು ಒಂದು ನಿಮಿಷ ನಿಂತಳು.

"ಅಜ್ಜೀ, ಹಾಳಾಗಿತ್ತು. ಹೊಸದು ಬಂದಿದೆ ನೋಡು" ಎಂದೆ.

"ಹೂಂ, ಮಳೆ ಹಿಡಿದಿತ್ತು. ಬಿಡು" ಎಂದು ಅಡಿಗೆಮನೆಗೆ ಹೋದಳು.

ಅಷ್ಟೇ ಆದದ್ದು. ಅವತ್ತು ರಾತ್ರಿ ಅವಳು ಊಟ ಮಾಡಿದಳು, ನನ್ನ ಕೈಗೆ ಗೋರಂಟಿ ಅರೆದು ಕೊಟ್ಟಳು. ಆ ಅರವತ್ತು ರೂಪಾಯಿಗೆ ನಾನು ಬಳೆ ಕೊಂಡೆ.

1996ರಲ್ಲಿ ಅಜ್ಜಿ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅಮ್ಮ ಅವಳ ಪೆಟ್ಟಿಗೆ ತೆಗೆದಳು. ಎರಡು ಕೆಂಪು ಸೀರೆ, ಒಂದು ಜಪಸರ, ನನ್ನ ಮದುವೆಯ ಆಮಂತ್ರಣ ಪತ್ರಿಕೆ. ಎಲ್ಲಕ್ಕಿಂತ ಅಡಿಯಲ್ಲಿ, ಬಿಳಿ ಪಂಚೆಯಲ್ಲಿ ಸುತ್ತಿದ ರೇಷ್ಮೆ ಸೀರೆ. ಬಿಡಿಸಿದಾಗ ನಾನು ಅವಾಕ್ಕಾದೆ. ಮೈ ಇತ್ತು, ಸೆರಗಿನ ಮಾವಿನಕಾಯಿ ಬುಟ್ಟಾ ಇತ್ತು, ಆದರೆ ಎರಡೂ ಕಡೆ ಅಂಚಿರಲಿಲ್ಲ. ಕತ್ತರಿಯಿಂದ ನೇರವಾಗಿ ಕತ್ತರಿಸಿ, ಎಳೆ ಬಿಡದಂತೆ ಮಡಿಚಿ ಹೊಲಿದಿತ್ತು.

"ಇದೇನಮ್ಮ, ಅಂಚಿಲ್ಲ?"

"ಅವಳ ಧಾರೆ ಸೀರೆ ಕಣೇ. ಅಂಚು ಲಕ್ಷ್ಮಿಗೆ ಉಡಿಸಿದಳಲ್ಲ. ನಿನಗೆ ಗೊತ್ತಿರಲಿಲ್ವಾ?" ಎಂದಳು ಅಮ್ಮ.

ಅಜ್ಜಿಗೆ ಹದಿಮೂರಕ್ಕೆ ಮದುವೆ. ಇಪ್ಪತ್ತೊಂದಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಮಡಿಲಲ್ಲಿ ಆರು ತಿಂಗಳ ಕೂಸು, ಅದು ನನ್ನಮ್ಮ. ಆ ಕಾಲದ ಕಟ್ಟಳೆಯಂತೆ ತಲೆಗೂದಲು ಹೋಯಿತು, ಕುಂಕುಮ ಹೋಯಿತು, ಬಣ್ಣದ ಸೀರೆ ಹೋಯಿತು. ವರಮಹಾಲಕ್ಷ್ಮಿ ಹಬ್ಬದ ದಿನ ಓರಗಿತ್ತಿಯರು ಜರತಾರಿ ಉಟ್ಟು ಕಲಶದ ಮುಂದೆ ಕುಳಿತರೆ ಅವಳು ಒಳಗೆ ಒಬ್ಬಟ್ಟು ತಟ್ಟಬೇಕು. ಆ ವರ್ಷ ಶ್ರಾವಣದಲ್ಲಿ, ಎಲ್ಲರೂ ಮಲಗಿದ ಮೇಲೆ, ಅವಳು ಬುಡ್ಡಿ ದೀಪದ ಮುಂದೆ ಕುಳಿತು ಧಾರೆ ಸೀರೆಯ ಅಂಚು ಕತ್ತರಿಸಿದಳಂತೆ. ಪಟದ ಕಟ್ಟು ಬಿಚ್ಚಿ, ಮೈದಾ ಗಂಜಿಗೆ ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ, ಬೇಗಡೆ ಅಂಟಿಸಿ, ಜರಿ ಹೊಲಿದು, ಹಬ್ಬದ ಹೊತ್ತಿಗೆ ಪಟವನ್ನು ಮತ್ತೆ ಗೋಡೆಗೇರಿಸಿದಳು. ಮನೆಯ ಹಿರಿಯರು ನೋಡಿದರು. ದೇವರಿಗೆ ಉಡಿಸಿದ್ದಕ್ಕೆ ಯಾರು ತಾನೆ ಬೈಯಲಾದೀತು? ಮುಂದೆ ಪ್ರತಿವರ್ಷ ಆ ಮನೆಯ ಮುತ್ತೈದೆಯರೆಲ್ಲ ಆರತಿ ಎತ್ತಿದ್ದು ಅಜ್ಜಿಯ ಧಾರೆ ಸೀರೆಯ ಅಂಚಿಗೇ.

ನಾನು ಅದನ್ನು ಅರವತ್ತು ರೂಪಾಯಿಗೆ ಕೊಟ್ಟಿದ್ದೆ.

ಆ ಕಟ್ಟು ಹಾಕುವವನನ್ನು ಹುಡುಕಿದೆ. ಬೀರೂರಿನಲ್ಲಿ, ಕಡೂರಿನಲ್ಲಿ, ತರೀಕೆರೆಯಲ್ಲಿ ಇದ್ದಬದ್ದ ಕಟ್ಟಿನ ಅಂಗಡಿಗಳನ್ನೆಲ್ಲ ಕೇಳಿದೆ. ಮೂರು ವರ್ಷದ ಹಿಂದೆ ಸೈಕಲ್ಲಿನಲ್ಲಿ ಬಂದವನ ಹೆಸರೂ ನನಗೆ ಗೊತ್ತಿರಲಿಲ್ಲ. ಒಬ್ಬರು, "ಟೀಚರೇ, ಹಳೇ ಪಟ ಅಂದ್ರೆ ಕಟ್ಟು, ಗಾಜು ತೆಗೀತೀವಿ, ಕಾಗದ ಒಲೆಗೆ" ಎಂದರು. ಇನ್ನೊಬ್ಬರು ನನ್ನ ಮುಖ ನೋಡಿ, "ಕೆಲವರು ಬೆಂಗಳೂರಿನೋರು ಬಂದು ಹಳೇ ರವಿವರ್ಮ ಪಟ ಕೊಳ್ತಾರೆ, ಅಲ್ಲಿ ಹೋಗಿರಬಹುದು" ಎಂದರು. ಎರಡನೆಯ ಮಾತನ್ನು ನಂಬಲು ಇಷ್ಟಪಟ್ಟೆ. ಅಂದಿನಿಂದ ಎಲ್ಲಿ ಚಿತ್ರಶಾಲೆ ಕಂಡರೂ ಒಳಗೆ ಹೋಗುವ ಅಭ್ಯಾಸವಾಯಿತು. ಕಲೆ ನೋಡಲು ಹೋದವಳಲ್ಲ ನಾನು, ಕಳೆದುಕೊಂಡದ್ದನ್ನು ಹುಡುಕಲು ಹೋದವಳು. ಹುಡುಕುತ್ತ ಅಷ್ಟಿಷ್ಟು ಕಲಿತೆ.

ಮೊದಲು ಮೈಸೂರು. ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1915ರಿಂದ ಅದು ಚಿತ್ರಶಾಲೆ, 1955ರಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರು ಪಡೆಯಿತು. ಅಚ್ಚಿನ ಪಟವಲ್ಲದ, ರವಿವರ್ಮರು ಕೈಯಾರೆ ಬರೆದ ಎಣ್ಣೆಬಣ್ಣದ ಚಿತ್ರಗಳನ್ನು ನೋಡಬೇಕೆಂದರೆ ನಮ್ಮ ರಾಜ್ಯದಲ್ಲಿ ಮೊದಲು ಹೋಗಬೇಕಾದ ಜಾಗ ಅದು. ಅವರು ತಮ್ಮ ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗೆಂದೇ ಪುರಾಣದ ಚಿತ್ರಗಳನ್ನು ಬರೆದುಕೊಟ್ಟಿದ್ದರು. ಪಟದಲ್ಲಿ ಅಂಗೈಯಷ್ಟು ಕಂಡ ಮುಖ ಅಲ್ಲಿ ನಮ್ಮ ಮುಖದಷ್ಟೇ ದೊಡ್ಡದಾಗಿ ಎದುರು ನಿಂತಾಗ ಮೈ ಜುಮ್ಮೆನ್ನುತ್ತದೆ. ಸೀರೆಯ ಜರಿಯನ್ನು ಬರಿಯ ಹಳದಿ ಬಣ್ಣದಿಂದ ಅವರು ಹೇಗೆ ಹೊಳೆಸಿದ್ದಾರೆಂದು ಹತ್ತಿರ ಹೋಗಿ ನೋಡಿ. ಹತ್ತಿರದಿಂದ ನಾಲ್ಕು ಗೀಟು, ದೂರದಿಂದ ಜರಿ.

ಅಲ್ಲೇ ನನ್ನ ಇನ್ನೊಂದು ಅಜ್ಞಾನವೂ ಬಯಲಾಯಿತು. ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯಿಂದ ಗಾಳಿಗೆ ಮರೆಮಾಡಿದ ಹೆಣ್ಣುಮಗಳ ಚಿತ್ರ ನಿಮಗೆ ಗೊತ್ತಲ್ಲ? ಬೆರಳ ಸಂದಿಯ ಕೆಂಬೆಳಕು ನಿಜವೇ ಎನ್ನಿಸುವ ಚಿತ್ರ. ಪ್ರವಾಸಕ್ಕೆ ಕರೆದುಕೊಂಡು ಹೋದ ಶಾಲಾಮಕ್ಕಳಿಗೆ ನಾನು ವರ್ಷವರ್ಷವೂ "ಇದೂ ರವಿವರ್ಮರದೇ" ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೆಳಗಿನ ಫಲಕ ಓದಿ, "ಮಿಸ್, ಇಲ್ಲಿ ಹಲ್ದಣ್‌ಕರ್ ಅಂತ ಇದೆ" ಎಂದಳು. ಅವಳು ಹೇಳಿದ್ದೇ ಸರಿ. ಅದು ಸಾವಂತವಾಡಿಯ ಎಸ್. ಎಲ್. ಹಲ್ದಣ್‌ಕರ್ ಅವರು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ 2018ರವರೆಗೆ, 102 ವರ್ಷ, ಬಾಳಿದರು. ಇಷ್ಟು ಹೆಸರಾದ ಚಿತ್ರವನ್ನು ನಾವೆಲ್ಲ ಇನ್ನೊಬ್ಬರ ಲೆಕ್ಕಕ್ಕೆ ಬರೆದು ಕುಳಿತಿದ್ದೆವು. ಫಲಕ ಓದದ ಟೀಚರು ನಾನೊಬ್ಬಳೇ ಅಲ್ಲ ಎಂಬುದಷ್ಟೇ ಸಮಾಧಾನ.

ಇನ್ನು ನಮ್ಮ ರಾಜ್ಯದವರೇ ಆದ ಒಬ್ಬರನ್ನು ನಾವು ಹೆಂಗಸರು ಹೆಸರು ತಿಳಿಯದೆಯೇ ಬಲ್ಲೆವು. ಕಲಬುರಗಿಯ ಎಸ್. ಎಂ. ಪಂಡಿತ್. 1916ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಮೆಟ್ರೋ ಚಿತ್ರಮಂದಿರಕ್ಕೆ ಇಂಗ್ಲಿಷ್ ಸಿನಿಮಾಗಳ ಜಾಹೀರಾತು ಚಿತ್ರ ಬರೆದರು. 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನು ಬರೆದರು. ಆಮೇಲೆ ಕ್ಯಾಲೆಂಡರುಗಳಿಗೆ ಪುರಾಣದ ಚಿತ್ರ. ಅವರ ಅರ್ಜುನನ ತೋಳು, ಭೀಮನ ಎದೆ ನೋಡಿದರೆ ಹಾಲಿವುಡ್ಡಿನ ನಾಯಕನೊಬ್ಬ ಕಚ್ಚೆ ಉಟ್ಟು ಕುರುಕ್ಷೇತ್ರಕ್ಕೆ ಇಳಿದ ಹಾಗಿರುತ್ತದೆ. ಇಂದಿಗೂ ಮಹಾಭಾರತದ ಪಾಠ ಮಾಡುವಾಗ ನನ್ನ ಕಣ್ಣಿಗೆ ಬರುವ ಕರ್ಣ ಕ್ಯಾಲೆಂಡರಿನ ಕರ್ಣನೇ. 1993ರಲ್ಲಿ, ನಾನು ಲಕ್ಷ್ಮಿಯನ್ನು ಮಾರಿದ ವರ್ಷವೇ, ಪಂಡಿತರು ತೀರಿಕೊಂಡರು. ಕಲಬುರಗಿಯ ದೊಡ್ಡ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದಾರೆ. ಅವರ ಚಿತ್ರಗಳ ಸಂಗ್ರಹವೂ ಆ ಊರಿನಲ್ಲಿದೆ. ನಾನು ಇನ್ನೂ ಹೋಗಿಲ್ಲ. ನಮ್ಮ ಕಡೆಯಿಂದ ಕಲಬುರಗಿ ಬಹಳ ದೂರ, ಬೇಸಿಗೆ ರಜೆಯಲ್ಲಿ ಅಲ್ಲಿಯ ಬಿಸಿಲು ಅದಕ್ಕಿಂತ ದೂರ.

ತಮಿಳುನಾಡಿನ ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು ಇನ್ನೊಬ್ಬರು. ಶಿವಕಾಶಿಯಲ್ಲಿ ಅಚ್ಚಾಗಿ ನಮ್ಮ ಅಂಗಡಿಗಳ ಮೂಲಕ ಅಡಿಗೆಮನೆಗೆ ಬಂದ ಎಷ್ಟೋ ಮುರುಗ, ಮೀನಾಕ್ಷಿಯರು ಅವರ ಮತ್ತು ಅವರ ಶಿಷ್ಯರ ಕೈಯವು. ಬೆಂಕಿಪೊಟ್ಟಣದ ಚೀಟಿ, ಪಟಾಕಿಯ ಹೊದಿಕೆ, ಕ್ಯಾಲೆಂಡರು, ಎಲ್ಲಕ್ಕೂ ಶಿವಕಾಶಿಯ ಅಚ್ಚೇ.

ಬೆಂಗಳೂರಿಗೆ ಹೋಗುವವರಿಗೆ ಕಸ್ತೂರಬಾ ರಸ್ತೆ ಹೇಳುತ್ತೇನೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಅಲ್ಲಿದೆ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ. ದೊಡ್ಡವರ ಚಿತ್ರಗಳ ಜೊತೆಗೆ ಹಳೆಯ ಅಚ್ಚಿನ ಪಟ, ಸಿನಿಮಾ ಭಿತ್ತಿಪತ್ರ, ಬಟ್ಟೆ ಗಿರಣಿಯ ಚೀಟಿಗಳಂಥವನ್ನೂ ಕಲೆಯೆಂದೇ ಕೂಡಿಟ್ಟವರು ಅವರು. ಎಲ್ಲವೂ ಎಲ್ಲ ದಿನವೂ ಗೋಡೆಯ ಮೇಲಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋದರೆ ಮರಗಳ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಬಹುದು ಎಂದು ನಾನು ಭಾವಿಸಿದ್ದೆ. ಕಾವಲಿನವರು ಬಿಡಲಿಲ್ಲ, ಅದು ಬೇರೆ ಮಾತು.

ಇಷ್ಟು ದೂರ ಹೋಗಲಾಗದವರಿಗೆ ನಮ್ಮ ಅಮೃತಾಪುರವಿದೆ. ತರೀಕೆರೆಯಿಂದ ಹತ್ತು ಕಿಲೋಮೀಟರಿನ ಆಸುಪಾಸು. ಎರಡನೆಯ ಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ. ಕವಿ ಜನ್ನ ರಚಿಸಿದ ಶಾಸನ ಅಲ್ಲಿದೆ, ಶಿಲ್ಪಿ ಮಲ್ಲಿತಮ್ಮ ಕೆಲಸ ಮಾಡಿದ ಜಾಗ ಅದು. ಇದನ್ನೆಲ್ಲ ಪುಸ್ತಕ ಹೇಳುತ್ತದೆ. ಅಜ್ಜಿಗೆ ಬಲ್ಲಾಳನೂ ಗೊತ್ತಿರಲಿಲ್ಲ, ಜನ್ನನೂ ಗೊತ್ತಿರಲಿಲ್ಲ. ಅವಳು ನಮ್ಮನ್ನು ಎತ್ತಿನಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದದ್ದು ಮಂಟಪದ ಹೊರಗೋಡೆಯ ಚಿತ್ರ ತೋರಿಸಲು. ಮೊಣಕಾಲಿನಿಂದ ಎದೆಯೆತ್ತರದವರೆಗಿನ ಗೋಡೆಯಲ್ಲಿ ಒಟ್ಟು 140 ಕಲ್ಲಿನ ಪಟಗಳಿವೆ. ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು, ಅದು ರಾಮಾಯಣ. ಉತ್ತರದಲ್ಲಿ ಕೃಷ್ಣನ ಕತೆ ಇಪ್ಪತ್ತೈದು, ಮಹಾಭಾರತ ನಲವತ್ತೈದು. ವಿಚಿತ್ರವೆಂದರೆ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಕತೆ ಬೇಕೆಂದರೆ ದೇವರಿಗೆ ಉಲ್ಟಾ ಸುತ್ತಬೇಕು! ಅಷ್ಟು ಮಡಿಯ ಅಜ್ಜಿ, ಎಡಗಡೆಯಿಂದ ಸುತ್ತಿದರೆ ದೋಷ ಎಂದು ಊರಿಗೆಲ್ಲ ಹೇಳುವವಳು, ಅಲ್ಲಿ ಮಾತ್ರ ನಮ್ಮ ಕೈಹಿಡಿದು ಉಲ್ಟಾ ನಡೆಸುತ್ತಿದ್ದಳು. "ರಾಮನ ಕತೆ ನೋಡೋಕೆ ದೋಷ ಇಲ್ಲ" ಎನ್ನುತ್ತಿದ್ದಳು. ಅಕ್ಷರ ಬಾರದ ಅವಳು ಒಂದೊಂದು ಕಲ್ಲಿನ ಮೇಲೂ ಬೆರಳಿಟ್ಟು ಪುತ್ರಕಾಮೇಷ್ಟಿಯಿಂದ ಸೇತುವೆಯವರೆಗೆ ಓದುತ್ತಿದ್ದಳು. ನಾನು ಪಾಠ ಮಾಡುವುದನ್ನು ಕಲಿತದ್ದು ಬಿ.ಎಡ್.ನಲ್ಲಿ ಎಂದು ಸರ್ಟಿಫಿಕೇಟಿನಲ್ಲಿದೆ.

ಈಗ ಮಗಳು ಪಾಪ್ ಆರ್ಟ್ ಎಂದ ಮೇಲೆ ಆದದ್ದು ಹೇಳುತ್ತೇನೆ. ಈ ವರ್ಷ ಬೇಸಿಗೆಯಲ್ಲಿ ಅವಳು ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಹಳೆಯ ಅಚ್ಚಿನ ಪಟಗಳ ಪ್ರದರ್ಶನ. ಮಂದ ಬೆಳಕಿನ ಕೋಣೆಯಲ್ಲಿ ಮೂರು ನಾಲ್ಕು ಪಟಗಳು ಬೇರೆಯಾಗಿದ್ದವು. ದೂರದಿಂದಲೇ ಮಿನುಗಿದವು. ಜರಿ, ಚಮಕಿ, ಮಖಮಲ್ಲು, ಮಣಿ. ಎದೆ ಹೊಡೆದುಕೊಂಡಿತು. ಒಂದು ಲಕ್ಷ್ಮಿಯೂ ಇದ್ದಳು. ಫಲಕದಲ್ಲಿ ರವಿವರ್ಮ ಪ್ರೆಸ್ ಎಂದಿತ್ತು, ಕಾಗದದ ಮೇಲೆ ಅಚ್ಚು ಎಂದಿತ್ತು, ಜರಿ ಮತ್ತು ಮಣಿಯ ಅಲಂಕಾರ ಎಂದಿತ್ತು. ಅಲಂಕಾರ ಯಾರದು ಎಂದಿರಲಿಲ್ಲ. ಇಂಥ ಪಟಗಳು ದೇಶದ ಎಷ್ಟೋ ಕಡೆ ಸಿಕ್ಕಿವೆಯಂತೆ. ಹಾಗಾದರೆ ಬುಡ್ಡಿ ದೀಪದ ಮುಂದೆ ಕುಳಿತವಳು ನನ್ನಜ್ಜಿ ಒಬ್ಬಳೇ ಅಲ್ಲ.

ಮಗಳಿಗೆ ಆವರೆಗೂ ಈ ಕತೆ ಗೊತ್ತಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು ಹೇಳಿದೆ, ಅರವತ್ತು ರೂಪಾಯಿಯ ವಿಷಯವನ್ನೂ ಬಿಡಲಿಲ್ಲ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಂಚು ಹೇಗಿತ್ತಮ್ಮ?" ಎಂದು ಕೇಳಿದಳು. ನನ್ನ ಕೈಚೀಲದಲ್ಲಿ ಆ ಸೀರೆಯ ಒಂದು ಚೂರಿದೆ, ಅಂಚು ಕತ್ತರಿಸಿದ ಜಾಗದಲ್ಲಿ ಉಳಿದ ಎರಡು ಎಳೆ ಜರಿಯ ಸಮೇತ. ಎಲ್ಲ ಚಿತ್ರಶಾಲೆಗೂ ಅದನ್ನು ಒಯ್ಯುತ್ತೇನೆ. ತೆಗೆದುಕೊಟ್ಟೆ. ಅವಳು ಗಾಜಿನ ಹತ್ತಿರ ಹೋಗಿ, ಚೂರನ್ನು ಪಕ್ಕದಲ್ಲಿ ಹಿಡಿದು, ಬಗ್ಗಿ ಬಹಳ ಹೊತ್ತು ನೋಡಿದಳು. ನಾನು ಕುಳಿತಲ್ಲೇ ಇದ್ದೆ.

"ಇದು ಗೋಪುರದಂಚು ಅಮ್ಮ" ಎಂದಳು ತಿರುಗಿ.

ನಮ್ಮದು ಮಾವಿನಕಾಯಿ. ಚೂರನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಕಲಬುರಗಿಗೆ ಡಿಸೆಂಬರಿನಲ್ಲಿ ಹೋಗೋಣ, ಆಗ ಬಿಸಿಲು ಕಡಿಮೆ, ರಜೆ ನಾನು ಹಾಕುತ್ತೇನೆ ಎಂದು ಅವಳೇ ಹೇಳಿದಳು.